ಬ್ಲೂಬೆರಿಯ ಮೇಲಿನ ಬಿಳಿ ಗುರುತು

ಲೋಕಕ್ಕೆ ಇನ್ನೂ ಹೊಸ ಮಡಕೆಯ ವಾಸನೆ ಇದ್ದ ಕಾಲವದು. ಉತ್ತರದ ತುದಿಯಲ್ಲಿ ಚಳಿರಾಯ ಓಡಾಡಿಕೊಂಡಿದ್ದ. ಅವನಿಗೆ ಮಕ್ಕಳೆಂದರೆ ಬಹಳ ಇಷ್ಟ. ತೊಂದರೆಯೇ ಅದು.

ಅಲ್ಲಿ ಮೊಗ್ಗುಗಳೇ ಗಿಡಗಳ ಮಕ್ಕಳು. ಎಲೆ ಉದುರಿದ ಮೇಲೆ ತಾಯಂದಿರು ಅವಕ್ಕೆ ಕೆಂಪು ಟೊಪ್ಪಿಗೆ ಹಾಕಿ, ಮಲಗಿಸಿ, ಬಾಗಿಲು ಮುಚ್ಚುತ್ತಿದ್ದರು.

ಒಂದು ಮಧ್ಯಾಹ್ನ ಚಳಿರಾಯ ವಸಂತಮ್ಮನ ದನಿಯಲ್ಲಿ ಕೂಗಿದ. "ಏಳ್ರೋ ಮಕ್ಕಳಾ, ಬಿಸಿಲು ಬಂತು, ಆಡೋಕೆ ಬನ್ನಿ."

ಪ್ಲಮ್ ಮರದ ಮಕ್ಕಳು ಟೊಪ್ಪಿಗೆ ಕಳಚಿ ಓಡಿಬಂದವು. ಚಳಿರಾಯ ಅವನ್ನು ಅಪ್ಪಿಕೊಂಡ. ಆಮೇಲೆ ಸದ್ದಿಲ್ಲ. ಮರದ ಬಾಗಿಲುಗಳೆಲ್ಲ ತೆರೆದೇ ಇದ್ದವು. ಮಕ್ಕಳೆಲ್ಲಿ ಎಂದು ಯಾರೂ ಕೇಳಲಿಲ್ಲ. ಉತ್ತರ ಗೊತ್ತಿದ್ದದ್ದನ್ನು ಕೇಳದಿರುವುದು ಆ ಕಡೆಯ ಮರ್ಯಾದೆ.

ಪಕ್ಕದಲ್ಲೇ ಬ್ಲೂಬೆರಿ ಗಿಡ. ಆಳೆತ್ತರದವಳು. ಹುಳಿಮಣ್ಣಿನಲ್ಲಿ ಬೆಳೆದವಳು, ಮಾತೂ ಸ್ವಲ್ಪ ಹುಳಿಯೇ. ಅವಳು ಹಿಮದಜ್ಜಿಯನ್ನು ಕೇಳಿದಳು: "ಅಜ್ಜೀ, ನನ್ನ ಮಕ್ಕಳಿಗೆ ಹೊದಿಸ್ತೀಯಾ?"

"ಸೊಂಟದವರೆಗೆ ಹೊದಿಸ್ತೀನಿ ಕಣೇ. ಇಷ್ಟುದ್ದ ಬೆಳೆ ಅಂತ ನಾನು ಹೇಳಿದ್ನಾ? ಮೇಲಿನ ಕೊಂಬೆಯದು ನಿನ್ನ ಪಾಡು."

ಮರುದಿನ ಅದೇ ದನಿ ಅವಳ ಬಾಗಿಲಿಗೆ ಬಂತು. "ಏಳ್ರೋ ಮಕ್ಕಳಾ, ಬಿಸಿಲು ಬಂತು."

ದನಿ ಬೆಚ್ಚಗಿತ್ತು. ಉಸಿರು ಮಾತ್ರ ತಣ್ಣಗಿತ್ತು. ಒಳಗೆ ಟೊಪ್ಪಿಗೆಗಳು ಅಲುಗಿದವು.

"ಬಾ ವಸಂತಮ್ಮ," ಎಂದಳು ಬ್ಲೂಬೆರಿ ತಾಯಿ. "ಆದ್ರೆ ಚಳಿರಾಯರು ಇನ್ನೂ ಊರಲ್ಲೇ ಇದ್ದಾರೆ. ನಮ್ಮನೆ ನೆಂಟರು. ನೆಂಟರು ಕೂತಿರೋವಾಗ ಮಕ್ಕಳನ್ನ ಎಬ್ಬಿಸೋ ಪದ್ಧತಿ ನಮ್ಮಲ್ಲಿಲ್ಲ. ಅವರು ತೃಪ್ತಿಯಾಗಿ ಕೂತು, ಎದ್ದು ಹೋಗಲಿ. ಆಮೇಲೆ ಎಬ್ಬಿಸ್ತೀನಿ."

ಚಳಿರಾಯ ಯೋಚಿಸಿದ. ಮಕ್ಕಳು ಏಳಬೇಕಾದರೆ ತಾನು ಹೋಗಬೇಕು. ತಾನು ಹೋದರೆ ಮಕ್ಕಳು ಸಿಗುವುದಿಲ್ಲ. ಆದರೆ ಅಲ್ಲಿಯವರೆಗೆ ಅವನನ್ನು ಯಾರೂ ನೆಂಟ ಎಂದು ಕರೆದಿರಲಿಲ್ಲ. ಕೂತ. ಬಹಳ ಕಾಲ ಕೂತ. ಮಕ್ಕಳು ಉಸಿರಾಡುವುದನ್ನು ಕೇಳುತ್ತಾ ಕೂತ.

ಕೊನೆಗೆ ಎದ್ದ. ಹೊರಡುವ ಮುನ್ನ ಒಂದೊಂದು ಟೊಪ್ಪಿಗೆಯ ಮೇಲೂ ಮೆಲ್ಲಗೆ ಹೆಬ್ಬೆರಳು ಒತ್ತಿದ.

"ಇದೇನು ಮಾಡ್ತಿದ್ದೀರಿ?" ತಾಯಿ ಕೊಂಬೆ ಅಡ್ಡ ಚಾಚಿದಳು.

"ಗುರುತು ಕಣಮ್ಮ," ಎಂದ, ಈ ಸಲ ತನ್ನದೇ ದನಿಯಲ್ಲಿ. "ಮತ್ತೆ ಬಂದಾಗ ನಮ್ಮವರು ಯಾರು ಅಂತ ಗೊತ್ತಾಗಬೇಕಲ್ಲ."

ಅದಕ್ಕೇ ಮಗೂ, ಚಳಿನಾಡಿನ ಬ್ಲೂಬೆರಿ ಇವತ್ತಿಗೂ ಚಳಿ ತೃಪ್ತಿಯಾಗಿ ಕೂತು ಎದ್ದು ಹೋಗುವವರೆಗೆ ಹೂ ಬಿಡುವುದಿಲ್ಲ. ಹಣ್ಣು ಮಾಗುವುದು ಬೇಸಿಗೆಯ ಬಿಸಿಲಲ್ಲಾದರೂ ಅದರ ನೀಲಿ ಮೈಮೇಲೆ ಇಬ್ಬನಿ ಹೆಪ್ಪುಗಟ್ಟಿದಂಥ ಬಿಳಿ ಗುರುತು ಇದ್ದೇ ಇರುತ್ತದೆ. ಉಜ್ಜಿದರೆ ಅದು ಹಣ್ಣಿನಿಂದ ಹೋಗುತ್ತದೆ. ಹೋಗಿ, ನಿನ್ನ ಹೆಬ್ಬೆರಳಿಗೆ ಅಂಟುತ್ತದೆ.