ಒಂದು ಇಂಚು ಗಿಡ್ಡ ತೋಳು

ದರ್ಜಿಯ ಮೇಜಿನ ಮೇಲೆ ಕತ್ತರಿಯದೇ ಯಜಮಾನಿಕೆ. ದಿನಾ ಬೆಳಿಗ್ಗೆ ಅದು ಸೂಜಿ, ದಾರ, ಅಳತೆಯ ಟೇಪು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, "ತಪ್ಪಾದರೆ ಧೈರ್ಯವಾಗಿ ಹೇಳಿ. ನನ್ನನ್ನು ನಂಬಿ," ಎನ್ನುತ್ತಿತ್ತು. ಎಲ್ಲರೂ ತಲೆಯಾಡಿಸುತ್ತಿದ್ದರು. ಯಾರೂ ಏನೂ ಹೇಳುತ್ತಿರಲಿಲ್ಲ.

ಅಂದು ಮದುವಣಗಿತ್ತಿಯ ಕುಪ್ಪಸದ ಕೆಲಸ. ಇದ್ದದ್ದು ಒಂದೇ ತುಂಡು ರೇಷ್ಮೆ. ಮೊದಲು ಲೈನಿಂಗ್ ಬಟ್ಟೆ ಕತ್ತರಿಸಿ ನೋಡಿದರೆ, ತೋಳು ಒಂದು ಇಂಚು ಗಿಡ್ಡ!

ಸೂಜಿ ಟೇಪಿನ ಕಿವಿಯಲ್ಲಿ, "ಮುಗಿಯಿತು ನಿನ್ನ ಕಥೆ. ಎಲ್ಲ ನಿನ್ನ ತಲೆಗೇ ಕಟ್ಟುತ್ತಾರೆ ನೋಡು," ಎಂದಿತು. ಟೇಪು ಹೆದರಿ ಸುರುಳಿ ಸುತ್ತಿಕೊಂಡಿತು.

ಕತ್ತರಿ ಗಂಟಲು ಸರಿಮಾಡಿಕೊಂಡಿತು. "ಟೇಪಪ್ಪ, ಬಿಚ್ಚಿಕೋ. ನಿನ್ನ ಅಳತೆ ಸರಿಯಾಗಿತ್ತು. ಅವಸರದಲ್ಲಿ ಗೆರೆ ಬಿಟ್ಟು ಒಳಗೆ ಹೋದದ್ದು ನಾನು. ಇನ್ನೊಮ್ಮೆ ಕತ್ತರಿಸುತ್ತೇನೆ."

ಟೇಪು ಸುರುಳಿಯನ್ನು ಸ್ವಲ್ಪ ಸಡಿಲಿಸಿತು. ಆಮೇಲೆ ಸೂಜಿಯೇ ಮೆಲ್ಲಗೆ ಮುಂದೆ ಬಂತು. "ಯಜಮಾನರೇ, ನನ್ನದೂ ಒಂದಿದೆ. ಮೂರು ದಿನದಿಂದ ನನ್ನ ಮೊನೆ ಮೊಂಡಾಗಿದೆ. ಬೈಗುಳಕ್ಕೆ ಹೆದರಿ ಮುಚ್ಚಿಟ್ಟೆ. ಈಗ ರೇಷ್ಮೆಗೆ ಇಳಿದರೆ ಎಳೆ ಕಿತ್ತುಬಿಡುತ್ತೇನೆ."

ಕತ್ತರಿ ನಕ್ಕಿತು. "ಒಂದು ವರ್ಷ ಭಾಷಣ ಮಾಡಿದೆ, ನೀನು ಬಾಯಿ ಬಿಡಲಿಲ್ಲ. ಒಂದು ತಪ್ಪು ಒಪ್ಪಿಕೊಂಡೆ, ರೇಷ್ಮೆ ಉಳಿಯಿತು. ಹೋಗು, ಸಾಣೆ ಹಿಡಿಸಿಕೊಂಡು ಬಾ."

ಮರುದಿನ ಬೆಳಿಗ್ಗೆ ಭಾಷಣ ಇರಲಿಲ್ಲ. "ನಾನು ಎಲ್ಲೆಲ್ಲಿ ಎಡವುತ್ತೇನೆ, ನೀವೇ ಹೇಳಿ," ಎಂದು ಕತ್ತರಿ ಕೇಳಿತು.

ಟೇಪು ತನ್ನ ಸುರುಳಿಯನ್ನು ಕೊನೆಯವರೆಗೂ ಬಿಚ್ಚಿ, "ಎಷ್ಟು ಉದ್ದ ಹೇಳಲಿ, ಯಜಮಾನರೇ?" ಎಂದಿತು.