ಚಿಪ್ ಕಾರ್ಖಾನೆಯ ಎರಡು ಬಾಗಿಲುಗಳು

ಕಂಪ್ಯೂಟರ್ ಚಿಪ್ ತಯಾರಿಸುವ ಕೋಣೆಗೆ ಧೂಳು ನುಗ್ಗಬಾರದೆಂದು ಒಂದರ ಹಿಂದೆ ಒಂದು ಎರಡು ಬಾಗಿಲುಗಳನ್ನು ಇಟ್ಟಿದ್ದರು. ಒಂದು ತೆರೆದಾಗ ಇನ್ನೊಂದು ಮುಚ್ಚಿರಬೇಕು. ಅವುಗಳ ಕೆಲಸವೇ ಅದು.

ಒಂದು ದಿನ ಹೊರಬಾಗಿಲು ಹೇಳಿತು: "ನಮ್ಮ ಕಂಪನಿಯನ್ನು ಪಕ್ಕದ ಕಂಪನಿಯೊಂದಿಗೆ ವಿಲೀನ ಮಾಡುತ್ತಾರಂತೆ. ಹೆಚ್ಚಾದವರನ್ನು ಮನೆಗೆ ಕಳಿಸುತ್ತಾರಂತೆ."

"ನಮ್ಮಿಬ್ಬರಲ್ಲಿ ಹೆಚ್ಚಾದವರು ಯಾರು?" ಎಂದು ಒಳಬಾಗಿಲು ಕೇಳಿತು.

"ತಿಳಿಯದು. ಮ್ಯಾನೇಜರ್ ಪಶುಪತಿಯವರು ಹೊರಗೆ ಯಾರೊಂದಿಗೋ ಮಾತಾಡುತ್ತಿದ್ದಾರೆ. ಸ್ವಲ್ಪ ತೆರೆದುಕೊಂಡು ಕೇಳುತ್ತೇನೆ."

ಒಳಬಾಗಿಲಿಗೆ ಸಮಾಧಾನವಾಗಲಿಲ್ಲ. ಕೇಳಿದ್ದನ್ನು ಇದು ತನ್ನಿಂದ ಮುಚ್ಚಿಟ್ಟರೆ? ತನ್ನ ಕಿವಿಯಿಂದಲೇ ಕೇಳೋಣವೆಂದು ಅದೂ ಬೆರಳಗಲ ತೆರೆದುಕೊಂಡಿತು.

ಪಶುಪತಿಯವರು ಕ್ಯಾಂಟೀನಿನ ಉಪ್ಪಿಟ್ಟಿಗೆ ಉಪ್ಪು ಸಾಲದೆಂದು ದೂರುತ್ತಿದ್ದರು. ಅಷ್ಟರಲ್ಲಿ ಧೂಳಿನ ಕಣವೊಂದು ಎರಡೂ ಬಾಗಿಲು ದಾಟಿ ಒಳಗೆ ಬಂತು.

"ನಿನ್ನನ್ನು ಬಿಟ್ಟವರು ಯಾರು?" ಎಂದು ಒಳಬಾಗಿಲು ಗದರಿತು.

"ನೀವಿಬ್ಬರೂ" ಎಂದು ಹೇಳಿ ಧೂಳು ಮುಂದೆ ಹೋಯಿತು.

ಆ ದಿನ ಮಾಡಿದ ಚಿಪ್‌ಗಳೆಲ್ಲ ಕೆಟ್ಟವು. ಕಾರಣ ಹುಡುಕುತ್ತ ಬಂದ ಪಶುಪತಿಯವರು, ಇನ್ನೂ ಬೆರಳಗಲ ತೆರೆದೇ ಇದ್ದ ಎರಡೂ ಬಾಗಿಲುಗಳ ಮುಂದೆ ನಿಂತರು. ಅಲ್ಲಿಯವರೆಗೆ ಅವರ ತಲೆಗೇ ಬಾರದಿದ್ದ ಪ್ರಶ್ನೆಯೊಂದು ಆಗ ಬಂತು.

"ಎರಡೂ ಒಟ್ಟಿಗೇ ತೆರೆದುಕೊಳ್ಳುವುದಾದರೆ, ಎರಡು ಯಾಕೆ ಬೇಕು?"