ಅಧ್ಯಕ್ಷರು ಇಳಿಯದ ಒಂದು ನಿಮಿಷ

ಹಾಲಿನ ಸಂಘದ ಅಧ್ಯಕ್ಷ ಗುರುಶಾಂತಪ್ಪನವರ ಸಣ್ಣ ಟರ್ಬೊ ಕಾರು ಗುಡ್ಡದ ರಸ್ತೆಯನ್ನು ಸಲೀಸಾಗಿ ಹತ್ತುತ್ತಿತ್ತು. ಆದರೆ ಕಾರು ನಿಂತ ಕ್ಷಣವೇ ಎಂಜಿನ್ ಆಫ್ ಆಗಬೇಕು ಅಂತ ಅವರ ಹಟ. ಎಂಜಿನ್‌ಗೆ ಗಾಳಿ ತುಂಬುವ ಟರ್ಬೊ ಗುಡ್ಡ ಹತ್ತಿ ಕಾದಿರುತ್ತದೆ; ಅದರ ಬಿಸಿ ಆರಲು ಎಂಜಿನ್ ಒಂದು ನಿಮಿಷ ಮೆಲ್ಲಗೆ ಓಡಬೇಕು. ಹಾಗೆ ಬಿಡದೆ ಒಂದು ಟರ್ಬೊ ಕೆಟ್ಟೇಹೋಯಿತು.

"ಪೆಟ್ರೋಲ್ ದಂಡ ಮಾಡಬೇಡ. ಇನ್ನೊಂದು ಟರ್ಬೊ ಕೆಟ್ಟರೆ ನಿನ್ನ ಕೆಲಸವೂ ಹೋಯ್ತು!" ಅಂತ ಡ್ರೈವರ್ ರುದ್ರೇಶಿಯನ್ನು ಗದರಿದರು.

ರುದ್ರೇಶಿ ತಲೆ ಕೆರೆದುಕೊಂಡ. ಮರುದಿನ ಗುಡ್ಡದ ಮೇಲಿನ ಡೈರಿ ಮುಂದೆ ಕಾರು ನಿಲ್ಲಿಸಿ ಮೆಲ್ಲಗೆ ಹೇಳಿದ: "ಸಾರ್, ದೊಡ್ಡೋರು ಬಂದ ಕೂಡ್ಲೇ ಇಳೀಬಾರ್ದು. ಒಂದು ನಿಮಿಷ ಏಸಿಯಲ್ಲೇ ಕೂತಿರಿ. ಜನ ಎದ್ದು ನಿಲ್ಲಲಿ."

ಅಧ್ಯಕ್ಷರು ಮೀಸೆ ತಿರುವುತ್ತಾ ಕೂತರು. ಜನ ಎದ್ದು ನಿಂತರು. ಅಷ್ಟರಲ್ಲಿ ಎಂಜಿನ್ ಮೆಲ್ಲಗೆ ಓಡುತ್ತಾ ಟರ್ಬೊದ ಬಿಸಿ ಇಳಿಸಿತು. ಅಂದಿನಿಂದ ಅದೇ ಪದ್ಧತಿಯಾಯಿತು.

ಎರಡು ವರ್ಷದ ಮೇಲೆ ಮೆಕ್ಯಾನಿಕ್ ಬಾನೆಟ್ ಎತ್ತಿದ. "ಟರ್ಬೊ ಹೊಸದರ ಹಾಗಿದೆ! ನಿಲ್ಲಿಸಿದ ಮೇಲೆ ಒಂದು ನಿಮಿಷ ಎಂಜಿನ್ ಓಡಲು ಬಿಡ್ತೀರಾ?"

"ಛೇ, ನಾನು ಬಿಡೋನಾ?" ಅಂದ ಅಧ್ಯಕ್ಷರು ತಟ್ಟನೆ ರುದ್ರೇಶಿಯತ್ತ ತಿರುಗಿದರು. "ಎಲಾ ಇವನ! ನನ್ನ ಕೂರಿಸಿದ್ದು ಟರ್ಬೊಗೋಸ್ಕರಾನಾ?"

"ನೀವೂ ಟರ್ಬೊನೂ ಇಬ್ಬರೂ ಚೆನ್ನಾಗಿದ್ದೀರಲ್ಲ, ಸಾರ್."

ಅಧ್ಯಕ್ಷರಿಗೆ ನಗು ತಡೆಯಲಾಗಲಿಲ್ಲ. ಆ ಸಂಜೆ ಮನೆ ಮುಂದೆ ಎದ್ದು ನಿಲ್ಲುವವರು ಯಾರೂ ಇರಲಿಲ್ಲ. ಆದರೂ ಅವರು ಒಂದು ನಿಮಿಷ ಇಳಿಯಲೇ ಇಲ್ಲ.